ಎರೆಮಣ್ಣಿನ ಊರಿನಲ್ಲಿ ಹುಲ್ಲುಹಾಸಿನ ಕೆಲಸ: ಮೊದಲು ಕೊಳ್ಳಬೇಕಾದ ಸಲಕರಣೆ ಯಾವುದು?

ಕಲಬುರಗಿಯಂಥ ಬಿಸಿಲೂರಿನಲ್ಲಿ ಹುಲ್ಲುಹಾಸು ಕತ್ತರಿಸುವ ಕೆಲಸಕ್ಕೆ ಗಿರಾಕಿ ಸಿಗುತ್ತದೆಯೇ ಎಂದು ಅನುಮಾನಪಡುವವರು ಜುಲೈ ತಿಂಗಳಲ್ಲಿ ಒಮ್ಮೆ ಸೇಡಂ ರಸ್ತೆ, ಜೇವರ್ಗಿ ರಸ್ತೆಗಳ ಬಡಾವಣೆಗಳನ್ನು ಸುತ್ತಿ ಬರಬೇಕು. ಗೇಟಿನ ಒಳಗೆ ಶಹಾಬಾದ್ ಫರ್ಸಿಯ ಅಂಚು ಕಟ್ಟಿ, ಅದರ ನಡುವೆ ಇನ್ನೂರು ಮುನ್ನೂರು ಚದರ ಅಡಿ ಹುಲ್ಲು ಬೆಳೆಸಿದ ಮನೆಗಳು ಅಲ್ಲಿ ಬೇಕಾದಷ್ಟಿವೆ. ಖಾಸಗಿ ಆಸ್ಪತ್ರೆಗಳು, ಶಾಲೆಗಳು, ಕಲ್ಯಾಣ ಮಂಟಪಗಳು ಇನ್ನೂ ದೊಡ್ಡ ಹಾಸುಗಳನ್ನು ಇಟ್ಟುಕೊಂಡಿವೆ. ಇವರಲ್ಲಿ ಹೆಚ್ಚಿನವರಿಗೆ ದಿನವಿಡೀ ಇರುವ ಮಾಲಿ ಬೇಕಿಲ್ಲ. ಮಳೆಗಾಲದಲ್ಲಿ ತಿಂಗಳಿಗೆ ಎರಡು ಮೂರು ಸಲ ಬಂದು, ಹುಲ್ಲನ್ನು ಒಂದೇ ಮಟ್ಟಕ್ಕೆ ತಂದು, ಅಂಚು ತೀಡಿ, ಕಳೆ ಕಿತ್ತು, ಕಸ ಗುಡಿಸಿ ಹೋಗುವ ನಂಬಿಗಸ್ತ ಆಳು ಬೇಕು. ವಾರವಿಡೀ ಬೇರೆ ನೌಕರಿ ಮಾಡಿಕೊಂಡು ರಜೆಯ ದಿನಗಳ ಬೆಳಗಿನ ಹೊತ್ತನ್ನು ದುಡಿಮೆಗೆ ಕೊಡಬಲ್ಲ ನನ್ನಂಥವರಿಗೆ ಈ ಕೆಲಸ ಒಗ್ಗುವುದು ಆ ಕಾರಣಕ್ಕೇ. ತಮ್ಮನ ಮಗನನ್ನು ಜೊತೆಗೆ ಕರೆದುಕೊಂಡು ನಾನು ಈ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ.

“ನಾನೂ ಶುರು ಮಾಡಬೇಕಂತ ಮಾಡೀನ್ರಿ ಅಣ್ಣಾ, ಯಾವ ಮಷಿನ್ ತಗೊಳ್ಳಲಿ?” ಎಂದು ಪರಿಚಯದ ಹುಡುಗರು ಕೇಳುತ್ತಿರುತ್ತಾರೆ. ಬೆಲೆಪಟ್ಟಿಯೊಂದನ್ನು ಮುಂದಿಟ್ಟು ಉತ್ತರಿಸಬಹುದಾದ ಪ್ರಶ್ನೆ ಇದೆಂದು ನನಗೆ ಅನ್ನಿಸುವುದಿಲ್ಲ. ಅರೆಕಾಲಿಕ ಕೆಲಸಗಾರನಿಗೆ ವಾರಕ್ಕೆ ದುಡಿಯಲು ಸಿಗುವುದು ನಾಲ್ಕೈದು ಗಂಟೆ ಮಾತ್ರ. ಯಂತ್ರ ಕೆಟ್ಟು ಒಂದು ಭಾನುವಾರ ತಪ್ಪಿದರೆ ಆ ವಾರದ ಸಂಪಾದನೆಯೆಲ್ಲ ಹೋದಂತೆ. ಹಾಗಾಗಿ ನನ್ನ ಮಟ್ಟಿಗೆ ಅಗ್ಗದ ಯಂತ್ರವೆಂದರೆ ಈ ಭಾನುವಾರ ಕೆಟ್ಟರೂ ಬರುವ ಭಾನುವಾರದೊಳಗೆ ಇದೇ ಊರಿನಲ್ಲಿ, ಇದೇ ಊರಿನ ಅಂಗಡಿಯ ಬಿಡಿಭಾಗ ಹಾಕಿಸಿಕೊಂಡು ಮತ್ತೆ ಕೆಲಸಕ್ಕೆ ನಿಲ್ಲುವ ಯಂತ್ರ. ಅಂಗಡಿಯಲ್ಲಿ ಕೊಟ್ಟ ದುಡ್ಡು ಲೆಕ್ಕದ ಒಂದು ಭಾಗ ಅಷ್ಟೇ.

ಯಂತ್ರದ ಮಾತಿಗೆ ಮೊದಲು ಮಣ್ಣಿನ ಮಾತು ಆಗಬೇಕು. ನಮ್ಮದು ಎರೆ ನೆಲ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬೆರಳು ತೂರುವಷ್ಟು ಅಗಲವಾಗಿ ಬಿರುಕು ಬಿಡುತ್ತದೆ. ಹೊಲದಲ್ಲಿ ತೊಗರಿಗೆ ವರವಾಗುವ ಈ ಗುಣ ಹುಲ್ಲುಹಾಸಿನಲ್ಲಿ ತೊಡಕಾಗುತ್ತದೆ. ಎಷ್ಟೇ ಮಟ್ಟಸವಾಗಿ ಹಾಸಿದರೂ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ನೆಲ ಅಲ್ಲಲ್ಲಿ ಏಳುತ್ತದೆ, ಅಲ್ಲಲ್ಲಿ ಕೂರುತ್ತದೆ. ಅಂಥ ನೆಲದ ಮೇಲೆ ಅಲಗನ್ನು ತೀರಾ ತಗ್ಗಿಗೆ ಇಟ್ಟು ಯಂತ್ರ ನಡೆಸಿದರೆ ಉಬ್ಬಿದ ಕಡೆ ಹುಲ್ಲು ಬೇರಿನವರೆಗೂ ಬೋಳಿಸಿಹೋಗಿ ಬಿಳಿಚಿದ ತೇಪೆಗಳು ಉಳಿಯುತ್ತವೆ. ಇದರ ಜೊತೆಗೆ, ನಮ್ಮ ಬಡಾವಣೆಗಳಲ್ಲಿ ನಿವೇಶನ ಎತ್ತರಿಸಲು ಮುರುಮು ತುಂಬಿರುತ್ತಾರೆ. ಅದರೊಳಗಿನ ಕಲ್ಲು ಪ್ರತಿ ಮಳೆಗೂ ಒಂದಿಷ್ಟು ಮೇಲೆ ಬರುತ್ತದೆ. ಹುಲ್ಲಿನ ಅಡಿಯಲ್ಲಿ ಕಣ್ಣಿಗೆ ಬೀಳದೆ ಕೂತ ಹೆಬ್ಬೆರಳು ಗಾತ್ರದ ಒಂದು ಕಲ್ಲು ಒಳ್ಳೆಯ ಅಲಗಿನ ಮೊನೆಯನ್ನು ಕ್ಷಣದಲ್ಲಿ ಮುರಿದುಹಾಕುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಉಬ್ಬು ತಗ್ಗಿನ ಕಾಟ ಇಷ್ಟಿಲ್ಲ, ಹರಳುಗಲ್ಲಿನ ಕಾಟ ಮಾತ್ರ ಅಲ್ಲಿಯೂ ಇದೆ. ಬೆಂಗಳೂರಿನ ಕೆಂಪು ಗೋಡಿನಲ್ಲಿ ಕೆಲಸ ಮಾಡುವವರ ಸಲಹೆಯನ್ನು ಹಾಗೆಯೇ ಎತ್ತಿಕೊಂಡು ಇಲ್ಲಿ ಯಂತ್ರ ಖರೀದಿಸುವುದು ಸರಿಹೋಗದಿರುವುದಕ್ಕೆ ಕಾರಣ ಈ ನೆಲವೇ.

ಹುಲ್ಲಿನ ವಿಚಾರಕ್ಕೆ ಬಂದರೆ, ನಾವು ಕರಿಕೆ ಎಂದು ಕರೆಯುವ ಗರಿಕೆಯ ಜಾತಿಗಳೇ ಇಲ್ಲಿಯ ಬಿಸಿಲನ್ನು ತಾಳಿಕೊಳ್ಳುವುದು ಹೆಚ್ಚು. ನರ್ಸರಿಗಳಲ್ಲಿ ಮೆಕ್ಸಿಕನ್ ಲಾನ್ ಎಂಬ ಹೆಸರಿನಲ್ಲಿ ಮಾರುವ ದಟ್ಟ ಹುಲ್ಲನ್ನು ಹೊಸ ಮನೆಗಳವರು ಇಷ್ಟಪಡುತ್ತಾರೆ. ಅಗಲ ಎಲೆಯ ಬಫೆಲೊ ಹುಲ್ಲು ಮರದ ನೆರಳಿನಲ್ಲಿ ಬದುಕುತ್ತದೆ. ಕರಿಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಚ್ಚುಹುಚ್ಚಾಗಿ ಬೆಳೆಯುತ್ತದೆ, ಚಳಿಗಾಲದಲ್ಲಿ ನಿಧಾನಿಸುತ್ತದೆ, ಬೇಸಿಗೆಯಲ್ಲಿ ನೀರು ಬಿಟ್ಟವರ ಮನೆಯಲ್ಲಿ ಮಾತ್ರ ಹಸಿರಾಗಿರುತ್ತದೆ. ಅಂದರೆ ವರ್ಷದಲ್ಲಿ ನಾಲ್ಕೈದು ತಿಂಗಳು ಕೆಲಸ ಮೈತುಂಬ, ಉಳಿದ ಕಾಲ ತೆಳು. ಮಳೆಗಾಲದ ಆ ಒತ್ತಡವನ್ನು ನೋಡಿ ದೊಡ್ಡ ಯಂತ್ರ ತಂದುಕೊಂಡವರು ಫೆಬ್ರುವರಿಯಲ್ಲಿ ಅದರ ಕಂತು ಕಟ್ಟಲು ಒದ್ದಾಡುವುದನ್ನು ನೋಡಿದ್ದೇನೆ. ಖರೀದಿಯ ಲೆಕ್ಕವನ್ನು ಚಳಿಗಾಲದ ಸಂಪಾದನೆಯ ಮೇಲೆ ಕಟ್ಟಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಮೊದಲು ಕೊಳ್ಳಬೇಕಾದದ್ದು ಕೈ ಸಲಕರಣೆಗಳನ್ನು. ಖುರ್ಪಿ, ಕುಡಗೋಲು, ಉದ್ದ ಹಿಡಿಯ ಹೆಡ್ಜ್ ಕತ್ತರಿ, ಕೊಂಬೆ ಕತ್ತರಿಸುವ ಸಿಕೇಟರ್, ಸಲಿಕೆ, ಹಲ್ಲಿನ ರೇಕ್, ಗಟ್ಟಿ ಪೊರಕೆ, ಕಸ ಹೊರಲು ಹಳೆಯ ಗೋಣಿಚೀಲ ಅಥವಾ ತಾಡಪತ್ರಿಯ ತುಂಡು. ಇಷ್ಟನ್ನೂ ಕೂಡಿಸಿದರೆ ಎರಡು ಮೂರು ಸಾವಿರ ರೂಪಾಯಿ ಮೀರುವುದಿಲ್ಲ. ಖುರ್ಪಿ ಮತ್ತು ಕುಡಗೋಲನ್ನು ಅಂಗಡಿಯ ತೆಳು ತಗಡಿನದ್ದಕ್ಕಿಂತ ಕಂಬಾರರ ಕುಲುಮೆಯಲ್ಲಿ ಹೇಳಿ ಮಾಡಿಸುವುದೇ ಲೇಸು. ಅವರು ಹದ ಕೊಟ್ಟ ಅಲಗು ಎರೆಮಣ್ಣು ಒಣಗಿ ಕಲ್ಲಾದಾಗಲೂ ಬಾಗುವುದಿಲ್ಲ, ಮೊಂಡಾದರೆ ಅವರೇ ಮತ್ತೆ ಕಾಸಿ ಬಡಿದು ಕೊಡುತ್ತಾರೆ. ಸಿಕೇಟರ್ ವಿಷಯದಲ್ಲಿ ಮಾತ್ರ ನಾನು ಒಂದಿಷ್ಟು ಹೆಚ್ಚು ದುಡ್ಡು ಹಾಕಲು ಹೇಳುತ್ತೇನೆ. ಲುಧಿಯಾನದ ಫಾಲ್ಕನ್‌ನಂಥ ಕಂಪನಿಗಳು ಮಾಡುವ, ಸ್ಪ್ರಿಂಗ್ ಮತ್ತು ಅಲಗನ್ನು ಬಿಚ್ಚಿ ಬದಲಿಸಬಹುದಾದ ಸಿಕೇಟರ್ ವರ್ಷಗಟ್ಟಲೆ ಬಾಳುತ್ತದೆ.

ಈ ಕೈ ಸಲಕರಣೆಗಳಿಂದಲೇ ಮೊದಲ ಎರಡು ಮೂರು ತಿಂಗಳು ದುಡಿಯಬಹುದು, ದುಡಿಯಬೇಕು ಕೂಡ. ಯಂತ್ರ ಮಾಡಲಾಗದ ಕೆಲಸವೇ ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದು. ಫರ್ಸಿಯ ಅಂಚಿನ ಮೇಲೆ ಹರಿದು ಬಂದ ಕರಿಕೆಯ ಬಳ್ಳಿಯನ್ನು ಸಲಿಕೆಯಿಂದ ನೆಟ್ಟಗೆ ಕತ್ತರಿಸಿ ತೆಗೆದಾಗ ಇಡೀ ಅಂಗಳದ ಚಹರೆಯೇ ಬದಲಾಗುತ್ತದೆ. ಜೇಕು ಎಂಬ ಗಡ್ಡೆಯ ಕಳೆಯನ್ನು ಯಂತ್ರದಿಂದ ಸವರಿದರೆ ನಾಲ್ಕು ದಿನದಲ್ಲಿ ಹುಲ್ಲಿಗಿಂತ ಮೇಲೆ ಬಂದು ನಿಲ್ಲುತ್ತದೆ; ಮಳೆ ಬಿದ್ದು ಮಣ್ಣು ಮೆತ್ತಗಾಗಿರುವಾಗ ಖುರ್ಪಿಯನ್ನು ಆಳಕ್ಕೆ ಇಳಿಸಿ, ಗಡ್ಡೆ ಮತ್ತು ಅದರ ಸರಪಳಿಯನ್ನು ಸಮೇತ ಎತ್ತಬೇಕು. ಕಾಂಗ್ರೆಸ್ ಹುಲ್ಲನ್ನು ಹೂ ಬಿಡುವ ಮುಂಚೆ, ಕೈಗವಸು ತೊಟ್ಟು ಕೀಳಬೇಕು. ಹಲವರಿಗೆ ಅದು ತಾಕಿದರೆ ಚರ್ಮದ ತುರಿಕೆ, ಅದರ ಪರಾಗದಿಂದ ಉಬ್ಬಸ ಬರುತ್ತದೆ.

ಇನ್ನು ಕತ್ತರಿಸುವ ಯಂತ್ರ. ನನ್ನ ಮೆಚ್ಚುಗೆ ಕೈಯಿಂದ ತಳ್ಳುವ ಸಿಲಿಂಡರ್ ಮೋವರ್‌ಗೆ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಬಟ್ಟೆ ಗಿರಣಿಯಲ್ಲಿ ಉಣ್ಣೆಯ ಮೇಲಿನ ಎಳೆಗಳನ್ನು ಸವರುವ ಯಂತ್ರವನ್ನು ನೋಡಿ ರೂಪಿಸಿದ ಇದರ ವಿನ್ಯಾಸ ಇವತ್ತಿಗೂ ಹೆಚ್ಚೇನೂ ಬದಲಾಗಿಲ್ಲ. ಸುರುಳಿಯಾಗಿ ತಿರುಚಿದ ಐದಾರು ಅಲಗುಗಳು ಉರುಳೆಯ ಮೇಲೆ ತಿರುಗುತ್ತವೆ. ಕೆಳಗೆ ಅಲುಗಾಡದೆ ನಿಂತ ಒಂದು ಪಟ್ಟಿ ಅಲಗಿರುತ್ತದೆ. ಇವೆರಡರ ನಡುವೆ ಸಿಕ್ಕ ಹುಲ್ಲು ಕತ್ತರಿಯಲ್ಲಿ ಸಿಕ್ಕಂತೆ ತುಂಡಾಗುತ್ತದೆ. ಪೆಟ್ರೋಲ್ ಬೇಡ, ಕರೆಂಟ್ ಬೇಡ, ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಶುರು ಮಾಡಿದರೂ ಪಕ್ಕದ ಮನೆಯವರ ನಿದ್ದೆ ಕೆಡುವುದಿಲ್ಲ. ಬೇಸಿಗೆಯಲ್ಲಿ ಒಂಬತ್ತು ಗಂಟೆಯೊಳಗೆ ಕೆಲಸ ಮುಗಿಸಿ ಬಿಸಿಲಿನಿಂದ ಪಾರಾಗಬೇಕಾದ ನಮ್ಮ ಊರಿನಲ್ಲಿ ಸದ್ದಿಲ್ಲದೆ ಬೇಗ ಶುರು ಮಾಡುವ ಈ ಅನುಕೂಲವನ್ನು ದುಡ್ಡಿನಲ್ಲಿ ಅಳೆಯಬಹುದು. ಹನ್ನೆರಡರಿಂದ ಹದಿನಾರು ಇಂಚಿನ ಅಗಲದ ಇಂಥ ಯಂತ್ರ ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ.

ಇದರ ಆರೈಕೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದನ್ನು ಕೊಂಡವರಲ್ಲಿ ಅನೇಕರು ಮೊದಲ ವರ್ಷವೇ “ಕಟ್ ಆಗ್ಲಾಕತ್ತಿಲ್ಲ” ಎಂದು ಮೂಲೆಗೆ ಒಗೆಯುತ್ತಾರೆ. ಕೆಲಸಕ್ಕೆ ಹೊರಡುವ ಮುಂಚೆ ವರ್ತಮಾನ ಪತ್ರಿಕೆಯ ಒಂದು ಉದ್ದನೆಯ ಪಟ್ಟಿಯನ್ನು ಕೆಳಗಿನ ಅಲಗಿನ ಮೇಲಿಟ್ಟು ಉರುಳೆಯನ್ನು ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಕೈಯನ್ನು ಅಲಗಿನ ದಾರಿಯಿಂದ ದೂರವಿಟ್ಟು, ಎಡ ತುದಿಯಲ್ಲಿ ಒಮ್ಮೆ, ನಡುವೆ ಒಮ್ಮೆ, ಬಲ ತುದಿಯಲ್ಲಿ ಒಮ್ಮೆ. ಮೂರೂ ಕಡೆ ಕಾಗದ ಸಪ್ಪಳವಾಗಿ ನೀಟಾಗಿ ತುಂಡಾದರೆ ಸರಿ. ಒಂದು ಕಡೆ ಮಡಚಿಕೊಂಡು ಜಾರಿದರೆ ಆ ಕಡೆಯ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಅಲಗನ್ನು ಹತ್ತಿರ ತರಬೇಕು. ಮೊನೆಯೇ ಮೊಂಡಾಗಿದ್ದರೆ, ಬೈಕಿನ ಬಿಡಿಭಾಗದ ಅಂಗಡಿಗಳಲ್ಲಿ ವಾಲ್ವ್ ಉಜ್ಜಲು ಮಾರುವ ಗ್ರೈಂಡಿಂಗ್ ಪೇಸ್ಟ್ ತಂದು, ಅಲಗಿಗೆ ಬಳಿದು, ಉರುಳೆಯನ್ನು ಹಿಮ್ಮುಖವಾಗಿ ತಿರುಗಿಸುತ್ತ ಹೋದರೆ ಎರಡೂ ಅಲಗುಗಳು ಒಂದಕ್ಕೊಂದು ಉಜ್ಜಿಕೊಂಡು ಹರಿತವಾಗುತ್ತವೆ. ನಮ್ಮೂರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಸುತ್ತಮುತ್ತ ಅಂಥ ಯಾವ ಅಂಗಡಿಯಲ್ಲಿ ಕೇಳಿದರೂ ಆ ಡಬ್ಬಿ ಸಿಗುತ್ತದೆ.

ಈ ಯಂತ್ರದ ಮಿತಿಗಳೂ ಸ್ಪಷ್ಟವಾಗಿವೆ. ಹುಲ್ಲು ಮೂರು ನಾಲ್ಕು ಇಂಚು ದಾಟಿದರೆ ಅದು ಕತ್ತರಿಸುವುದಿಲ್ಲ, ಮಲಗಿಸಿಕೊಂಡು ಮೇಲೆ ಹಾದುಹೋಗುತ್ತದೆ. ಕಲ್ಲು ಸಿಕ್ಕರೆ ಅಲಗು ಕಚ್ಚುತ್ತದೆ; ಆದ್ದರಿಂದ ಮೊದಲು ರೇಕ್ ಎಳೆದು, ಕಲ್ಲು ಆರಿಸಿ, ಆಮೇಲೆ ಯಂತ್ರ ಇಳಿಸಬೇಕು. ಮಳೆ ಬಂದ ಮರುದಿನ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಉರುಳೆ ತಿರುಗುವುದೇ ನಿಲ್ಲುತ್ತದೆ. ನಿಯಮಿತವಾಗಿ ಕತ್ತರಿಸುವ ಐದಾರು ನೂರು ಚದರ ಅಡಿಯ ಮನೆಯಂಗಳಗಳೇ ನಿಮ್ಮ ಗಿರಾಕಿಗಳಾಗಿದ್ದರೆ ಇದಕ್ಕಿಂತ ಒಳ್ಳೆಯ ಮೊದಲ ಯಂತ್ರ ಇನ್ನೊಂದಿಲ್ಲ. ಮೂರು ತಿಂಗಳು ಯಾರೂ ಮುಟ್ಟದ ಶಾಲೆಯ ಮೈದಾನ ಸಿಕ್ಕಿದರೆ ಇದನ್ನು ಮನೆಯಲ್ಲೇ ಬಿಟ್ಟು ಹೋಗಬೇಕು.

ಅಲಗು ಫ್ಯಾನಿನಂತೆ ಅಡ್ಡಲಾಗಿ ತಿರುಗುವ ಕರೆಂಟಿನ ರೋಟರಿ ಮೋವರ್‌ಗಳು ಬೆಲೆಯಲ್ಲಿ ಇದಕ್ಕೆ ಹತ್ತಿರವೇ ಇವೆ, ಹಗುರ ಕೂಡ. ಆದರೆ ಸಾವಿರದ ಇನ್ನೂರು ವ್ಯಾಟಿನ ಮೋಟರು ಐದಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಅದಕ್ಕೆ ಮನೆಯಲ್ಲಿ ಟಿವಿಗೆ ಬಳಸುವ ತೆಳು ಎಕ್ಸ್‌ಟೆನ್ಷನ್ ವೈರು ಸಾಲದು. 1.5 ಚದರ ಮಿಲಿಮೀಟರ್ ತಾಮ್ರದ, ಮೂರು ಎಳೆಯ, ಮೇಲೆ ಗಟ್ಟಿ ರಬ್ಬರ್ ಹೊದಿಕೆಯಿರುವ ಮೂವತ್ತು ಮೀಟರ್ ಕೇಬಲ್ ಬೇಕು, ಅದರ ಬೆಲೆಯನ್ನೂ ಯಂತ್ರದ ಬೆಲೆಗೆ ಕೂಡಿಸಿಕೊಳ್ಳಬೇಕು. ಗಿರಾಕಿಯ ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುವ, ಅಂದರೆ ಅಷ್ಟು ಕರೆಂಟ್ ಸೋರಿದೊಡನೆ ತಾನಾಗಿ ಕಡಿಯುವ, ಆರ್‌ಸಿಸಿಬಿ ಇಲ್ಲದಿದ್ದರೆ ಹಸಿ ಹುಲ್ಲಿನ ಮೇಲೆ ಕರೆಂಟಿನ ಯಂತ್ರ ನಡೆಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಮಳೆಗಾಲದಲ್ಲೇ ಕೆಲಸ ಹೆಚ್ಚು, ಹುಲ್ಲು ಹಸಿಯಾಗಿರುವುದೂ ಆಗಲೇ. ಸ್ವಂತ ಅಂಗಳಕ್ಕೆ ಇದು ಒಳ್ಳೆಯ ಯಂತ್ರವಿರಬಹುದು, ಮನೆಯಿಂದ ಮನೆಗೆ ಹೋಗುವವರಿಗೆ ಹೊಂದುವುದಿಲ್ಲ.

ಎರಡನೆಯ ಖರೀದಿಯಾಗಿ ನಾನು ಹೇಳುವುದು ಪೆಟ್ರೋಲ್ ಬ್ರಷ್ ಕಟರ್, ಅಂದರೆ ಹೆಗಲಿಗೆ ತೂಗುಹಾಕಿಕೊಂಡು, ಉದ್ದ ಕೊಳವೆಯ ತುದಿಯಲ್ಲಿ ತಿರುಗುವ ನೈಲಾನ್ ತಂತಿ ಅಥವಾ ಅಲಗಿನಿಂದ ಹುಲ್ಲು ಸವರುವ ಯಂತ್ರ. ಹುಲ್ಲುಹಾಸಿಗೆಂದು ತಯಾರಿಸಿದ ಯಂತ್ರವೇ ಇದಲ್ಲ. ಇದರಿಂದ ಸವರಿದ ಹಾಸು ಮೋವರ್ ನಡೆಸಿದಷ್ಟು ಸಮವಾಗಿ ಕಾಣುವುದಿಲ್ಲ. ಆದರೂ ಇದನ್ನು ಮುಂದಿಡಲು ಬಲವಾದ ಕಾರಣವಿದೆ. ಬದುವಿನ ಹುಲ್ಲು ಸವರಲು, ಕಬ್ಬಿನ ಸಾಲಿನ ಕಳೆ ತೆಗೆಯಲು, ಮೇವು ಕೊಯ್ಯಲು ನಮ್ಮ ಭಾಗದ ರೈತರು ಬ್ರಷ್ ಕಟರನ್ನು ಬಳಸುತ್ತಾರೆ. ರೈತರು ಬಳಸುವ ಯಂತ್ರಕ್ಕೆ ಊರಿನಲ್ಲಿ ಬಿಡಿಭಾಗ ಸಿಗುತ್ತದೆ, ಬಿಚ್ಚಿ ಕೂಡಿಸುವ ಕೈಗಳೂ ಸಿಗುತ್ತವೆ. ಸ್ಟಾರ್ಟರ್ ಹಗ್ಗ, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ನೈಲಾನ್ ತಂತಿ ಸುತ್ತುವ ತಲೆ, ಕ್ಲಚ್ ಶೂ ಇವೆಲ್ಲ ಕೃಷಿ ಉಪಕರಣಗಳ ಅಂಗಡಿಯಲ್ಲಿ ಕೈಗೆ ಸಿಗುವಾಗ, ಹೆಸರಾಂತ ಕಂಪನಿಯ ಲಾನ್ ಮೋವರಿನ ಒಂದು ಬೆಲ್ಟಿಗೆ ಹೈದರಾಬಾದಿನ ದಾರಿ ಕಾಯಬೇಕಾದೀತು. ಊರಿನ ರಿಪೇರಿ ವಿದ್ಯೆ ಊರಿನ ಒಕ್ಕಲುತನದ ಹಿಂದೆಯೇ ನಡೆದು ಬಂದಿದೆ. ಸಣ್ಣ ಬಂಡವಾಳದವನು ಆ ದಾರಿಯನ್ನೇ ಹಿಡಿಯಬೇಕು. ಅಂದಹಾಗೆ, ಕೃಷಿ ಇಲಾಖೆಯ ಸಹಾಯಧನದ ಬ್ರಷ್ ಕಟರ್ ಪಹಣಿ ಇರುವ ರೈತರಿಗಾಗಿ ಇದೆ. ಬೇರೆಯವರ ಹೆಸರಿನಲ್ಲಿ ಅದನ್ನು ಎತ್ತಿಸಿ ಪಟ್ಟಣದ ಕೆಲಸಕ್ಕೆ ಇಳಿಸುವುದು ತಪ್ಪು. ರೈತರೊಬ್ಬರ ಪಾಲಿನ ಯಂತ್ರ ಅದರಿಂದ ಕೈತಪ್ಪುತ್ತದೆ.

ನಾನು ಯಂತ್ರ ತೋರಿಸುವ ಉಸ್ತಾದ್ ಮೂಲತಃ ನೀರೆತ್ತುವ ಎಂಜಿನ್‌ಗಳ ಮೆಕ್ಯಾನಿಕ್. ಹೊಸ ಯಂತ್ರ ಕೊಳ್ಳುವ ವಿಚಾರವೆತ್ತಿದಾಗ ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡದೆ ಹೇಳಿದ ಮಾತನ್ನು ನಾನು ಎಲ್ಲರಿಗೂ ಹೇಳುತ್ತೇನೆ: “ಸರ್, ಮಷಿನ್ ಹೊಸಾದು ಇದ್ರ ಏನ್ ಬಂತ್ರಿ? ಅದರ ಕಾರ್ಬುರೇಟರ್ ಕಿಟ್ ಇಲ್ಲಿ ಸಿಗಬೇಕಲ್ರಿ. ಸಿಗಲಿಲ್ಲಂದ್ರ ನಾ ಏನ್ ಮಾಡ್ಲಿ, ಬಿಚ್ಚಿ ನೋಡಿ ಮತ್ತ ಹಂಗೇ ಕೂಡಿಸಿ ಕೊಡ್ತೀನಿ.” ಅಂಗಡಿಗೆ ಹೋಗುವ ಮುಂಚೆ ಉಸ್ತಾದರ ಬಳಿ ಹೋಗಿ, ಯಾವ ಮಾಡೆಲ್‌ಗಳು ಅವರ ಕೈಗೆ ಹೆಚ್ಚು ಬರುತ್ತವೆ, ಏನು ಕೆಟ್ಟು ಬರುತ್ತವೆ ಎಂದು ಕೇಳಿ ತಿಳಿದುಕೊಳ್ಳುವುದಕ್ಕೆ ದುಡ್ಡೇನೂ ಖರ್ಚಾಗುವುದಿಲ್ಲ.

ಎರಡು ಸ್ಟ್ರೋಕ್ ಕೊಳ್ಳಬೇಕೋ ನಾಲ್ಕು ಸ್ಟ್ರೋಕ್ ಕೊಳ್ಳಬೇಕೋ ಎನ್ನುವುದು ಮುಂದಿನ ಪ್ರಶ್ನೆ. ಎರಡು ಸ್ಟ್ರೋಕಿನ 52 ಸಿಸಿ ಯಂತ್ರಗಳು ಏಳೆಂಟು ಸಾವಿರದಿಂದ ಶುರುವಾಗುತ್ತವೆ. ತೂಕಕ್ಕೆ ಹೋಲಿಸಿದರೆ ಬಲ ಹೆಚ್ಚು, ಎಂಜಿನ್ ಸರಳ. ಆದರೆ ಪೆಟ್ರೋಲಿಗೆ ಪ್ರತಿ ಸಲವೂ ಟೂಟಿ (2T, ಎರಡು ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಬೆರೆಸಬೇಕು. ಕಂಪನಿ ಹೇಳಿದ ಪ್ರಮಾಣ 25:1 ಇದ್ದರೆ ಲೀಟರಿಗೆ 40 ಮಿಲಿ, 50:1 ಇದ್ದರೆ 20 ಮಿಲಿ. ಅಂದಾಜಿನಲ್ಲಿ ಸುರಿಯದೆ ಅಳತೆಯ ಬಾಟಲಿ ಇಟ್ಟುಕೊಳ್ಳಬೇಕು, ಆಯಿಲ್ ಇಲ್ಲದೆ ಒಂದು ಟ್ಯಾಂಕ್ ಓಡಿದರೂ ಪಿಸ್ಟನ್ ಗೀರಿ ಹೋಗುತ್ತದೆ. ನಾಲ್ಕು ಸ್ಟ್ರೋಕಿನ ಯಂತ್ರಕ್ಕೆ ಬೆರೆಸುವ ಗೋಜಿಲ್ಲ. ಹೋಂಡಾದ ಜಿಎಕ್ಸ್35 ಎಂಬ 35.8 ಸಿಸಿ ಎಂಜಿನ್ನಿನಂಥವು ಕೇವಲ 100 ಮಿಲಿ ಎಂಜಿನ್ ಆಯಿಲ್ ಹಿಡಿಯುತ್ತವೆ, ಸದ್ದು, ಹೊಗೆ, ಅದುರು ಎಲ್ಲವೂ ಕಡಿಮೆ. ಬೆಲೆ ಮಾತ್ರ ಎರಡು ಮೂರು ಪಟ್ಟು. ಮನೆಗಳ ನಡುವೆ, ಆಸ್ಪತ್ರೆಯ ಆವರಣದಲ್ಲಿ ಕೆಲಸ ಮಾಡುವವನಿಗೆ ಕೊನೆಗೆ ನಾಲ್ಕು ಸ್ಟ್ರೋಕೇ ಸರಿ ಎಂದು ನನ್ನ ಅನುಭವ ಹೇಳುತ್ತದೆ. ಆದರೆ ಮೊದಲ ವರ್ಷವೇ ಅಷ್ಟು ದುಡ್ಡು ಹಾಕದೆ, ಮಳೆಗಾಲದ ದೊಡ್ಡ ಕೆಲಸ ಬಂದಾಗ ಇನ್ನೊಬ್ಬರ ಯಂತ್ರವನ್ನು ದಿನದ ಬಾಡಿಗೆಗೆ ತಂದು ನಡೆಸಿ ನೋಡುವುದು ಜಾಣತನ. ಒಂದು ದಿನ ಹೆಗಲಿಗೆ ಹಾಕಿಕೊಂಡರೆ ಅದರ ತೂಕ, ಅದುರು, ಪಟ್ಟಿಯ ಹೊಂದಿಕೆ ಎಲ್ಲವೂ ಮೈಗೆ ಗೊತ್ತಾಗುತ್ತದೆ.

ಇಂಧನದ ವಿಷಯದಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿನ ಎಚ್ಚರ ಬೇಕಾಗಿದೆ. ಬಂಕಿನಲ್ಲಿ ಈಗ ಸಿಗುವುದು ನೂರಕ್ಕೆ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ದಿನವೂ ಓಡುವ ಬೈಕಿಗೆ ಅದರಿಂದ ಅಷ್ಟು ತೊಂದರೆಯಾಗದಿದ್ದರೂ, ವಾರಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸ್ಟಾರ್ಟ್ ಆಗುವ ಸಣ್ಣ ಎಂಜಿನ್ನಿನಲ್ಲಿ ನಿಂತ ಪೆಟ್ರೋಲ್ ಕೆಡುತ್ತದೆ. ಉಸ್ತಾದರು ಅಂಥ ಒಂದು ಕಾರ್ಬುರೇಟರ್ ಬಿಚ್ಚಿ ತೋರಿಸಿದ್ದರು. ತಳದಲ್ಲಿ ಕಂದು ಬಣ್ಣದ ಅಂಟು ಹೆಪ್ಪುಗಟ್ಟಿತ್ತು. ಸೂಜಿಯ ಮೊನೆಯೂ ಹೋಗಲು ಒದ್ದಾಡುವಷ್ಟು ಸಣ್ಣ ಹಿತ್ತಾಳೆಯ ಜೆಟ್‌ನ ತೂತು ಪೂರ್ತಿ ಮುಚ್ಚಿಹೋಗಿತ್ತು. ಒಳಗಿನ ರಬ್ಬರ್ ಪೊರೆ ಗಡುಸಾಗಿ ಸುಕ್ಕುಗಟ್ಟಿತ್ತು. ಕೆಲಸ ಮುಗಿದ ಮೇಲೆ ಟ್ಯಾಂಕನ್ನು ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬುರೇಟರ್ ಖಾಲಿ ಮಾಡಿದರೆ ಈ ಖರ್ಚು ಬರುವುದೇ ಇಲ್ಲ. ಟೂಟಿ ಬೆರೆಸಿದ ಪೆಟ್ರೋಲನ್ನು ಅಂದಿಗೆ ಬೇಕಾದಷ್ಟೇ ಮಾಡಿಕೊಳ್ಳಬೇಕು.

ಪೆಟ್ರೋಲ್ ಲಾನ್ ಮೋವರ್ ಕೊಳ್ಳುವ ಕಾಲ ಯಾವಾಗ ಬರುತ್ತದೆ ಎಂದರೆ, ಐದಾರು ಸಾವಿರ ಚದರ ಅಡಿಯ ಎರಡು ಮೂರು ಹಾಸುಗಳು ವರ್ಷವಿಡೀ ನಿಮ್ಮ ಕೈಯಲ್ಲಿದ್ದಾಗ. ಅದಕ್ಕಿಂತ ಮುಂಚೆ ಬೇಡ. ಕೊಂಡವರು ಅಲಗಿನ ಕಡೆ ಒಂದು ಕಣ್ಣಿಟ್ಟಿರಬೇಕು. ಪ್ಲಗ್ಗಿನ ವೈರನ್ನು ಕಿತ್ತು, ಏರ್ ಫಿಲ್ಟರ್ ಮೇಲಕ್ಕೆ ಬರುವಂತೆ ಯಂತ್ರವನ್ನು ವಾಲಿಸಿ, ಅಲಗು ಬಿಚ್ಚಿ, ಅದರ ಮೂಲ ಇಳಿಜಾರಿನಂತೆಯೇ ಅರದಿಂದ ಉಜ್ಜಬೇಕು. ನಡುವಿನ ತೂತಿಗೆ ಗೋಡೆಯ ಮೊಳೆ ಸಿಕ್ಕಿಸಿ ನಿಲ್ಲಿಸಿದಾಗ ಯಾವ ಕಡೆ ಇಳಿಯುತ್ತದೋ ಆ ಕಡೆ ಇನ್ನಷ್ಟು ಸವೆಸಬೇಕು. ತೂಕ ತಪ್ಪಿದ ಅಲಗು ಅದುರಿ ಕ್ರ್ಯಾಂಕಿನ ಬೇರಿಂಗನ್ನು ತಿಂದುಹಾಕುತ್ತದೆ. ಮೊಂಡು ಅಲಗು ಹುಲ್ಲನ್ನು ಕತ್ತರಿಸದೆ ಹರಿಯುತ್ತದೆ, ಹರಿದ ತುದಿಗಳು ಒಂದೆರಡು ದಿನದಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಇಡೀ ಹಾಸು ಸೊರಗಿದಂತೆ ಕಾಣುತ್ತದೆ.

ಕತ್ತರಿಸುವ ಎತ್ತರವೂ ಸಲಕರಣೆಯ ಆಯ್ಕೆಗೆ ಸೇರಿದ ಮಾತೇ. ಯಾವ ಯಂತ್ರ ಕೊಂಡರೂ ಎತ್ತರವನ್ನು ಸುಲಭವಾಗಿ ಬದಲಿಸುವ ಹಿಡಿ ಇರಬೇಕು. ಒಂದು ಸಲಕ್ಕೆ ಎಲೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು ಎನ್ನುವ ನಿಯಮ ಎಲ್ಲ ಹುಲ್ಲಿಗೂ ಅನ್ವಯಿಸುತ್ತದೆ. ಬೇಸಿಗೆಯಲ್ಲಿ ಇನ್ನೂ ಎತ್ತರ ಬಿಟ್ಟರೆ ಎಲೆಯ ನೆರಳಿನಲ್ಲಿ ಮಣ್ಣು ತಂಪಾಗಿರುತ್ತದೆ, ನೀರೂ ಉಳಿಯುತ್ತದೆ. ನಾನು ಹೋಗುವ ಮನೆಯೊಂದರ ಹಿರಿಯ ತಾಯಿ ಮಾರ್ಚ್ ಬಂತೆಂದರೆ ಕಟ್ಟೆಯ ಮೇಲೆ ಕೂತು, “ತಮ್ಮಾ, ಭಾಳ ಸಣ್ಣಗ ಕತ್ತರಿಸಬ್ಯಾಡಪಾ, ಬಿಸಲಿಗಿ ಸುಟ್ಟು ಹೋಗ್ತದ” ಎಂದು ಎಚ್ಚರಿಸುತ್ತಾರೆ. ಅವರ ಅಂಗಳ ಏಪ್ರಿಲ್‌ನಲ್ಲಿಯೂ ಹಸಿರಾಗಿರುತ್ತದೆ.

ಹಳೆಯ ಯಂತ್ರ ಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ, ಒಂದೇ ಷರತ್ತು: ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ತೋರಿಸಲು ಹೇಳಬೇಕು. ಮಾರುವವರು ಮೊದಲೇ ಕಾಯಿಸಿಟ್ಟ ಎಂಜಿನ್ ದೋಷವಿದ್ದರೂ ಸುಲಭವಾಗಿ ಹೊತ್ತಿಕೊಳ್ಳಬಹುದು. ಕೈಯಿಂದ ಎಂಜಿನ್ನಿನ ಮೈ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಒಂದು ಚಹಾ ಕುಡಿದು ಬಂದು ಮತ್ತೆ ನೋಡಬೇಕು.

ಸಾಗಿಸುವ ವಿಚಾರವನ್ನು ಅನೇಕರು ಕೊಂಡ ಮೇಲೆ ಯೋಚಿಸುತ್ತಾರೆ. ಅರೆಕಾಲಿಕ ಕೆಲಸದವನ ಬಳಿ ಇರುವುದು ದ್ವಿಚಕ್ರ ವಾಹನ. ಟಿವಿಎಸ್ ಎಕ್ಸೆಲ್‌ನ ಮುಂದಿನ ಜಾಗದಲ್ಲಿ ಕೈ ಸಲಕರಣೆಗಳ ಚೀಲ, ಹಿಂದೆ ಹಿಡಿ ಬಿಚ್ಚಿದ ಸಿಲಿಂಡರ್ ಮೋವರ್ ಕೂರುತ್ತವೆ. ಕೊಳವೆ ನಡುವೆ ಬಿಚ್ಚಿಕೊಳ್ಳುವ ಬ್ರಷ್ ಕಟರ್ ಕೊಂಡರೆ ಅದನ್ನೂ ಒಯ್ಯಬಹುದು; ಉದ್ದ ಕೊಳವೆಯದನ್ನು ಬೈಕಿನ ಮೇಲೆ ಅಡ್ಡ ಹಿಡಿದು ಹೋಗುವುದು ರಿಂಗ್ ರಸ್ತೆಯಲ್ಲಿ ಅಪಾಯಕರ. ದೊಡ್ಡ ಮೋವರಿಗೆ ಪ್ರತಿ ಸಲ ಟಂಟಂ ಆಟೊ ಬಾಡಿಗೆ ಕೊಡಬೇಕಾಗುತ್ತದೆ, ಸಣ್ಣ ಮನೆಯ ಕೂಲಿಯಲ್ಲಿ ಅರ್ಧದಷ್ಟು ಅದಕ್ಕೇ ಹೋಗುತ್ತದೆ.

ಉಳಿತಾಯ ಮಾಡಬಾರದ ಜಾಗವೊಂದಿದೆ, ಅದು ಮೈಯ ರಕ್ಷಣೆ. ಬ್ರಷ್ ಕಟರಿನ ನೈಲಾನ್ ತಂತಿ ಮುರುಮಿನ ಕಲ್ಲನ್ನು ಕವಣೆಯ ವೇಗದಲ್ಲಿ ಎಸೆಯುತ್ತದೆ. ಕಣ್ಣಿಗೆ ಪಕ್ಕಗಳೂ ಮುಚ್ಚುವ ಕನ್ನಡಕ, ಕಾಲಿಗೆ ಗಟ್ಟಿ ಬೂಟು, ಮೊಣಕಾಲಿನ ಕೆಳಗೆ ದಪ್ಪ ಬಟ್ಟೆಯ ಪಟ್ಟಿ, ಕಿವಿಗೆ ಮುಚ್ಚಳ ಇವೆಲ್ಲ ಸೇರಿ ಎರಡು ಸಾವಿರದೊಳಗೆ ಬರುತ್ತವೆ. ಯಂತ್ರ ಓಡುವಾಗ 15 ಮೀಟರ್ ಒಳಗೆ ಯಾರೂ ಇರಬಾರದೆಂದು ತಯಾರಕರ ಕೈಪಿಡಿಗಳು ಹೇಳುತ್ತವೆ. ಮನೆಯ ಮಕ್ಕಳನ್ನು ಒಳಗೆ ಕಳಿಸಿ, ಅಂಗಳದಲ್ಲಿ ನಿಂತ ಕಾರನ್ನು ಹೊರಗೆ ತೆಗೆಸಿದ ಮೇಲೆಯೇ ಸ್ಟಾರ್ಟರ್ ಹಗ್ಗ ಎಳೆಯಬೇಕೆಂದು ತಮ್ಮನ ಮಗನಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ. ಲೋಹದ ಅಲಗನ್ನು ಫರ್ಸಿಯ ಅಂಚಿನ ಹತ್ತಿರ ಎಂದೂ ಬಳಸುವುದಿಲ್ಲ.

ಲೆಕ್ಕ ಹೇಗೆ ಕೂಡಿಬರುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಒಂದು ಮನೆಯಂಗಳಕ್ಕೆ ಮುನ್ನೂರು ರೂಪಾಯಿ ಕೂಲಿ ಎಂದಿಟ್ಟುಕೊಳ್ಳಿ. ಅದರಲ್ಲಿ 60 ರೂಪಾಯಿಯನ್ನು ಸಲಕರಣೆಯ ಹೆಸರಿನಲ್ಲಿ ಪ್ರತ್ಯೇಕ ಡಬ್ಬಿಗೆ ಹಾಕಿದರೆ, ಕೈ ಸಲಕರಣೆಗಳಿಗೆ ಹಾಕಿದ ಮೂರು ಸಾವಿರ ರೂಪಾಯಿ 50 ಅಂಗಳಗಳಲ್ಲಿ ಮರಳಿ ಬರುತ್ತದೆ. ಹತ್ತು ಸಾವಿರದ ಸಿಲಿಂಡರ್ ಮೋವರಿಗೆ ಇನ್ನೂ 167 ಅಂಗಳಗಳು ಬೇಕು. ನಾಲ್ಕು ಸ್ಟ್ರೋಕಿನ ಬ್ರಷ್ ಕಟರಿಗೆ 25,000 ರೂಪಾಯಿ ಎಂದರೆ ಅದೇ ದರದಲ್ಲಿ ನಾನೂರಕ್ಕೂ ಹೆಚ್ಚು ಅಂಗಳ. ವಾರಕ್ಕೆ ನಾಲ್ಕು ಮನೆ ಮಾಡುವವನಿಗೆ ಅದು ಎರಡು ವರ್ಷದ ದುಡಿಮೆ. ಶಾಲೆ, ಮಂಟಪಗಳ ದೊಡ್ಡ ಕೆಲಸ ಮೊದಲೇ ಗೊತ್ತಾಗಿದ್ದರೆ ಮಾತ್ರ ಆ ಖರೀದಿಗೆ ಅರ್ಥವಿದೆ. ಕೇಂದ್ರ ಸರಕಾರದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದ ಸಾಲ ಸಿಗುತ್ತದೆ, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದವರಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಅಗತ್ಯವೂ ಇಲ್ಲ. ಈ ಬಾಗಿಲುಗಳು ತೆರೆದಿವೆ ಎಂದು ತಿಳಿದಿರಬೇಕು. ಆದರೆ ನೌಕರಿಯ ಸಂಬಳ ಇರುವವರು ಮೊದಲ ಯಂತ್ರವನ್ನು ಸಾಲದಲ್ಲಿ ತರದಿರುವುದೇ ಒಳಿತು.

ಈಗ ನನ್ನ ಮುಂದಿರುವ ಪ್ರಶ್ನೆ ಹುಲ್ಲು ಸವರುವ ಬ್ಯಾಟರಿ ಟ್ರಿಮ್ಮರಿನದು. ಒಂದು ಆಸ್ಪತ್ರೆಯವರು ವಾರ್ಡಿನ ಕಿಟಕಿಯ ಕೆಳಗಿನ ಹುಲ್ಲುಹಾಸಿಗೆ ಸದ್ದಿಲ್ಲದ, ಹೊಗೆಯಿಲ್ಲದ ಯಂತ್ರವನ್ನೇ ತರಬೇಕೆಂದು ಕೇಳಿದ್ದಾರೆ, ಅವರು ಕೇಳಿದ್ದು ನ್ಯಾಯವಾಗಿಯೇ ಇದೆ. ಲಿಥಿಯಂ ಬ್ಯಾಟರಿಗೆ ಬಿಸಿ ಆಗದು. ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಇಟ್ಟರೆ, ಕೆಲಸ ಮುಗಿದ ಕೂಡಲೇ ಕಾದ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದರೆ ಅದರ ಆಯುಷ್ಯ ಬೇಗ ಕರಗುತ್ತದೆ. ಯಂತ್ರದ ಬೆಲೆಗೆ ಸಮೀಪವಾಗಿ ಎರಡನೆಯ ಬ್ಯಾಟರಿಯ ಬೆಲೆ ಇದೆ. ಉಸ್ತಾದರು ಇನ್ನೂ ಅದನ್ನು ಬಿಚ್ಚಿ ನೋಡಿಲ್ಲ. ಊರಿನಲ್ಲಿ ಅದರ ಬ್ಯಾಟರಿ ಪರೀಕ್ಷಿಸಿ, ಸೆಲ್ ಬದಲಿಸಿ ಕೊಡುವವರು ಯಾರಾದರೂ ಇದ್ದಾರೆಯೇ ಎಂದು ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿ ಮಾಡುವ ಹುಡುಗರಲ್ಲಿ ವಿಚಾರಿಸುತ್ತಿದ್ದೇನೆ. ಅಲ್ಲಿಯವರೆಗೆ ಆ ಕಿಟಕಿಗಳ ಕೆಳಗೆ ಸಿಲಿಂಡರ್ ಮೋವರ್ ಮತ್ತು ಉದ್ದ ಹಿಡಿಯ ಕತ್ತರಿಯಿಂದಲೇ ಕೆಲಸ ನಡೆಯುತ್ತಿದೆ. ಹೊತ್ತು ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಅದಕ್ಕೆ ತಕ್ಕ ಕೂಲಿಯನ್ನು ಅವರು ಒಪ್ಪಿಕೊಂಡಿದ್ದಾರೆ.